ನಿಲ್ಲಬಾರದ ಸೀರೆ

"ಸೀರೆ ನಿಲ್ಲಬಾರ್ದು ಕಣಮ್ಮ. ಇನ್ನೇನೂ ಕೇಳಾಕಿಲ್ಲ ನಾವು," ಎಂದರು ನಾಟಕ ಆಡಿಸುವ ಊರಿನ ಯಜಮಾನರು.

ಅಂದರೆ ಎಲ್ಲವನ್ನೂ ಕೇಳಿದ ಹಾಗೆಯೇ ಆಯಿತು. ಯಲಹಂಕದ ಹಳೇ ಬೀದಿಯಲ್ಲಿರುವ ನನ್ನ ಅಂಗಡಿಯಲ್ಲಿ ಪೌರಾಣಿಕ ನಾಟಕದ ವೇಷಗಳು ಬಾಡಿಗೆಗೆ ಸಿಗುತ್ತವೆ. ಕಿರೀಟ, ಭುಜಕೀರ್ತಿ, ಗದೆ, ಭೀಷ್ಮನ ಗಡ್ಡ, ಯಾವುದು ಕೇಳಿದರೂ ಒರೆಸಿ, ಬಾಚಿ, ಚೀಲಕ್ಕೆ ಹಾಕಿ ಕೊಡುತ್ತೇನೆ. ಆದರೆ ದ್ರೌಪದಿಯ ಸೀರೆ ಎಂದೂ ನನ್ನ ತಲೆನೋವಾಗಿರಲಿಲ್ಲ. ಆ ಪಾತ್ರಕ್ಕೆ ಬರುವ ಕಲಾವಿದೆಯರು ತಮ್ಮ ಸೀರೆ ತಾವೇ ತರುತ್ತಾರೆ. ದುಶ್ಶಾಸನ ಎರಡು ಸಲ ಸೆರಗು ಜಗ್ಗುತ್ತಾನೆ, ದೀಪ ಆರುತ್ತದೆ, ಕೃಷ್ಣ ಬರುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ತಕರಾರು ತೆಗೆಯುವುದಿಲ್ಲ.

ಯಜಮಾನರ ಊರಿನಲ್ಲಿ ಹಾಗೆ ನಡೆಯುವಂತಿರಲಿಲ್ಲ. ಯಲಹಂಕದ ಪಕ್ಕದ ಕೋಗಿಲಿನಾಚೆ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ಹಳೆಯ ಊರು ಅದು. ಅಲ್ಲಿಯ ಮನೆಗಳಿಗೆ ದ್ರೌಪದಿ ಎಂದರೆ ಪಾತ್ರವಲ್ಲ, ಮನೆದೇವರು. ವರ್ಷಕ್ಕೊಮ್ಮೆ ಅವಳ ಕರಗ ಹೊರಡುತ್ತದೆ. ಕರಗ ಕಳೆದ ಮೇಲೆ ಊರಿನ ಗಂಡಸರೇ ಬಣ್ಣ ಹಚ್ಚಿ ಪಾಂಡವರ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಈ ವರ್ಷ ಯಜಮಾನರ ತಮ್ಮನ ಮಗಳು, ಹೆಬ್ಬಾಳದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, "ದ್ರೌಪದಿ ನಾನೇ ಮಾಡ್ತೀನಿ" ಎಂದುಬಿಟ್ಟಿದ್ದಳು. ಊರು ಎರಡು ಪಾಲಾಯಿತಂತೆ. ಕೊನೆಗೆ ಯಜಮಾನರು ಈ ಒಂದು ಷರತ್ತಿನ ಮೇಲೆ ಒಪ್ಪಿದ್ದರು. ಮನೆಮಗಳ ಸೀರೆಯನ್ನು ಅಷ್ಟು ಜನರ ಎದುರು ಎಳೆಯುವುದಾದರೆ ಅದು ಮುಗಿಯದೆ ಬರುವುದೂ ಜನರ ಕಣ್ಣಿಗೆ ಕಾಣಬೇಕು. ದ್ರೌಪದಿ ಕೃಷ್ಣನನ್ನು ಕರೆಯುವ ಹಾಡು ಮುಗಿಯುವ ಮುಂಚೆ ಸೀರೆ ನಿಂತರೆ ಮುಂದಿನ ವರ್ಷದಿಂದ ಮತ್ತೆ ಹೊರಗಿನವರೇ. ಊರಿನ ಹುಡುಗಿಯರು ನಾಟಕದ ಸುದ್ದಿ ಎತ್ತುವ ಹಾಗಿಲ್ಲ.

ಆಟವೋ ಭಾನುವಾರ ಬೆಳಗಿನ ಹೊತ್ತು, ಗುಡಿಯ ಎದುರಿನ ಬಯಲು ರಂಗಮಂಟಪದಲ್ಲಿ. ದೀಪ ಆರಿಸಿ ಪಾರಾಗೋಣವೆಂದರೆ ಸೂರ್ಯನ ಸ್ವಿಚ್ಚು ನನ್ನ ಅಂಗಡಿಯಲ್ಲಿಲ್ಲ.

"ಅಕ್ಕಾ, ನನ್ನ ಹಿಂದೆ ಇನ್ನೂ ಎಷ್ಟೊಂದು ಹುಡುಗೀರಿದ್ದಾರೆ," ಎಂದಳು ದ್ರೌಪದಿ, ಅಳತೆ ಕೊಡಲು ಕೈ ಎತ್ತಿ ನಿಂತು. "ನಾನು ಫೇಲ್ ಆದ್ರೆ ಅವ್ರಿಗೂ ಬಾಗ್ಲು ಕ್ಲೋಸು. ಏನಾದ್ರೂ ಮಾಡಿ."

"ಮಾಡ್ತೀನಿ ಬಿಡಮ್ಮ," ಎಂದೆ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಿಂದ ಕುಣಿಯುವಂತಾಗಿತ್ತು. ಹರಿದ ಜರಿಗೆ ತೇಪೆ ಹಾಕಿ ಹಾಕಿ ಬೇಸತ್ತ ಕೈಗೆ ಇಂಥ ಕೆಲಸ ಎಲ್ಲಿ ಸಿಗಬೇಕು!

ಒಳಗಿನ ಸೀರೆ ಸುಲಭ. ಅಂಗಡಿಯದೇ ಒಂದು ಕೆಂಪು ಸೀರೆಯನ್ನು ನೆರಿಗೆ ಹಿಡಿದು, ಹೊಲಿದು, ಪಿನ್ನು ಹಾಕಿ, ಬಿರುಗಾಳಿಗೂ ಜಗ್ಗದ ಹಾಗೆ ಉಡಿಸಿದೆ. ಮುಗಿಯದೆ ಬರಬೇಕಾದ ಸೀರೆಗಳದ್ದೇ ಬೇರೆ ಏರ್ಪಾಡು. ಸಭೆಯ ಕಂಬ ಎಂದು ಬಟ್ಟೆಯ ಕಂಬವೊಂದನ್ನು ಮಾಡಿ ದ್ರೌಪದಿಯ ಬೆನ್ನಿಗೆ ನಿಲ್ಲಿಸುವುದು, ಅದರಲ್ಲೊಂದು ಸೀಳು ಬಿಡುವುದು. ಅವಳ ಸೊಂಟದ ಡಾಬಿಗೆ ಹಿಂದುಗಡೆ ಒಂದು ಬಳೆ ಕಟ್ಟಿ, ಒಂದಕ್ಕೊಂದು ಜೋಡಿಸಿದ ಸೀರೆಗಳನ್ನು ಸೀಳಿನಿಂದ ತಂದು ಬಳೆಯೊಳಗೆ ಹಾಯಿಸಿ ದುಶ್ಶಾಸನನ ಕೈಗೆ ಕೊಡುವುದು. ಮುಂದೆ ಕೂತವರಿಗೆ ಅವಳ ಸೊಂಟದಿಂದಲೇ ಬಿಚ್ಚಿಕೊಳ್ಳುತ್ತಿರುವಂತೆ ಕಾಣುತ್ತದೆ. ಎಷ್ಟು ಜೋರಾಗಿ ಎಳೆದರೂ ಅವಳ ಮೈಮೇಲಿನ ಒಂದು ನೂಲೂ ಅಲುಗುವುದಿಲ್ಲ.

ಅಂಗಡಿಯಲ್ಲಿದ್ದ ಹಳೆಯ ಪರದೆ ಬಟ್ಟೆಯನ್ನೇ ಹೊಲಿದು ತೋರಿಸಿದೆ. ಬಟ್ಟೆ ನೀರಿನ ಹಾಗೆ ಹರಿಯಿತು. ನಾಟಕ ಕಲಿಸಲು ರಾಜಾನುಕುಂಟೆ ಕಡೆಯಿಂದ ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು, ಜನ್ಮದಲ್ಲಿ ಯಾರನ್ನೂ ಹೊಗಳದ ಪುಣ್ಯಾತ್ಮ, "ಪರವಾಗಿಲ್ವೇ" ಎಂದರು. ಆಗ ಯಜಮಾನರು ಎರಡನೆಯ ಮಾತು ಹೇಳಿದರು. ಸೀರೆಗಳು ಊರಿನ ಮನೆಗಳಿಂದಲೇ ಬರುತ್ತವೆ. ಗುಡಿಯ ದ್ರೌಪದಮ್ಮನ ಪಾದದಲ್ಲಿಟ್ಟು ಪೂಜೆ ಮಾಡಿ ಕೊಡುತ್ತಾರೆ. ಆಟವಾದ ಮೇಲೆ ಅವೇ ಪ್ರಸಾದವಾಗಿ ಮನೆಗಳಿಗೆ ವಾಪಸ್ಸು ಹೋಗಬೇಕು. ಅಮ್ಮನಿಗೆ ಒಪ್ಪಿಸಿದ ಸೀರೆಗೆ ಕತ್ತರಿ, ಸೂಜಿ ಸೋಕಬಾರದು.

"ಪಿನ್ನು?" ಎಂದೆ.

"ಪಿನ್ನೂ ಸೂಜಿಯೇಯ. ಬೆನ್ನು ಬಗ್ಗಿಸ್ಕೊಂಡೈತೆ ಅಷ್ಟೇ."

ಹೊಲಿಗೆಯವಳಿಗೆ ಸೂಜಿ ಮುಟ್ಟಬೇಡ ಎಂದರೆ ಹೇಗೆ ಹೇಳಿ. ಮೊದಲು ಗಂಟು ಹಾಕಿ ನೋಡಿದೆ. ರೇಷ್ಮೆಯ ಗಂಟು ಎರಡು ಎಳೆತಕ್ಕೆ ಜಾರಿತು. ಬಿಗಿಯಾಗಿ ಹಾಕಿದರೆ ನಿಂಬೆಹಣ್ಣಿನಷ್ಟು ದಪ್ಪವಾಗಿ ಬಳೆಯಲ್ಲಿ ಸಿಕ್ಕಿಕೊಂಡಿತು. ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿದೆ. ಅವು ಕಂಬಕ್ಕೆ ಬಡಿದು ಟಪಟಪ ಸದ್ದು ಮಾಡಿದಾಗ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಟ್ಟು, "ಕೌರವರ ಸಭೆಯಲ್ಲಿ ಟೈಪ್‌ರೈಟಿಂಗ್ ಕ್ಲಾಸ್ ಇತ್ತೇನ್ರೀ?" ಎಂದರು. ಪಿತ್ತ ನೆತ್ತಿಗೇರಿತು. ಆದರೂ ಕ್ಲಿಪ್ಪುಗಳನ್ನೆಲ್ಲ ತೆಗೆದೆ, ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಉಪಾಯ ಹೊಳೆದದ್ದು ಅಂಗಡಿಯ ಮುಂದೆ ಬಿಸಿಲಿಗೆ ಟಾರ್ಪಾಲು ಕಟ್ಟುವಾಗ. ಟಾರ್ಪಾಲಿನ ಅಂಚಿನಲ್ಲಿ ಹಗ್ಗ ಹಾಕುವ ಕಿವಿ ಹರಿದರೆ ನಾವು ಏನು ಮಾಡುತ್ತೇವೆ? ಒಂದು ಸಣ್ಣ ಕಲ್ಲನ್ನು ಒಳಗಿಟ್ಟು ಬಟ್ಟೆಯನ್ನು ಮುದುಡಿ, ಅದರ ಕುತ್ತಿಗೆಗೆ ಹಗ್ಗ ಬಿಗಿಯುತ್ತೇವೆ. ಆಮೇಲೆ ಅದು ಜಾರುವ ಮಾತೇ ಇಲ್ಲ. ಎರಡು ಸೀರೆಗಳ ತುದಿಯನ್ನು ಒಂದರ ಮೇಲೊಂದು ಇಟ್ಟು, ಮಡಿಕೆಯೊಳಗೆ ಒಂದು ಹುಣಸೆಬೀಜ ಸೇರಿಸಿ, ಕೆಳಗೆ ಲಂಗದ ಲಾಡಿಯಿಂದ ಸುತ್ತಿ ಬಿಗಿದೆ. ಸೂಜಿಯಿಲ್ಲ, ಕತ್ತರಿಯಿಲ್ಲ, ಬಿಚ್ಚಿದರೆ ಸೀರೆಗೆ ಒಂದು ಸುಕ್ಕು ಅಷ್ಟೇ. ಡಾಬಿನ ಬಳೆಯನ್ನೂ ಬದಲಾಯಿಸಿ ಕಸೂತಿಗೆ ಬಳಸುವ ನುಣುಪಾದ ಮರದ ಬಳೆ ಹಾಕಿದೆ. ಗಂಟು ಸರಕ್ಕನೆ ದಾಟಿತು! ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಶಕುನಿಯ ಟೋಪಿಯನ್ನು ಮೇಲಕ್ಕೆಸೆದು ಹಿಡಿದೆ.

ಆದರೆ ಗುಡಿಯಲ್ಲಿ ಪೂಜೆಯಾಗಿ ಬಂದ ಸೀರೆಗಳನ್ನು ಜೋಡಿಸಿ ನಡೆಸಿದ ಮೊದಲ ತಾಲೀಮಿನಲ್ಲಿ ನನ್ನ ಸಡಗರವೆಲ್ಲ ಇಳಿಯಿತು.

ದುಶ್ಶಾಸನನ ಪಾತ್ರ ಯಜಮಾನರ ಮಗನದು. ನೀರಿನ ಟ್ಯಾಂಕರ್ ಓಡಿಸುವವನು, ಬಾಗಿಲು ತುಂಬುವ ಆಳು. ಅವನು ಘರ್ಜಿಸಿದರೆ ಮಂಟಪದ ಮೇಲಿನ ಪಾರಿವಾಳಗಳು ಹಾರುತ್ತವೆ. ಆ ಘರ್ಜನೆ ಕೇಳಿಯೇ ಮೇಷ್ಟ್ರು ಅವನಿಗೆ ಪಾತ್ರ ಕೊಟ್ಟಿದ್ದರು. ತಾಲೀಮಿನಲ್ಲಿ ಅವನು ಮೀಸೆ ತಿರುವುತ್ತ ಬಂದ, ಅಟ್ಟಹಾಸ ಮಾಡಿದ, ಸೀರೆಯ ತುದಿ ಹಿಡಿದ. ಹಿಡಿದವನು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

ತಾಲೀಮು ನೋಡಲು ಬಂದಿದ್ದ ಊರಿನ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಮೇಷ್ಟ್ರು ತಲೆ ಚಚ್ಚಿಕೊಂಡರು.

"ದುಶ್ಶಾಸನ ಕಣಯ್ಯಾ ನೀನು! ಪೂಜಾರಿಯಲ್ಲ!"

"ಗೊತ್ತು ಮೇಷ್ಟ್ರೇ. ಕೈ ತಾನಾಗೇ ಹೋಯ್ತು," ಎಂದ ಅವನು.

ಮತ್ತೆ ಶುರುವಾಯಿತು. ಈ ಸಲ ಕಣ್ಣಿಗೆ ಒತ್ತಿಕೊಳ್ಳಲಿಲ್ಲ, ಆದರೆ ಎರಡೇ ಬೆರಳಿನಲ್ಲಿ ಹೂವಿನ ದಂಡೆ ಎತ್ತುವ ಹಾಗೆ ಎಳೆದ. ಬಟ್ಟೆ ಸರಾಗವಾಗಿ ಹರಿಯಬೇಕಾದರೆ ಎಳೆತ ಒಂದೇ ಸಮನಾಗಿರಬೇಕು. ಅವನು ಎಳೆದು, ಅಳುಕಿ, ಬಿಟ್ಟು, ಮತ್ತೆ ಎಳೆಯುತ್ತಿದ್ದ. ಪ್ರತಿ ಸಲ ಬಿಟ್ಟಾಗಲೂ ಬಟ್ಟೆ ಸಡಿಲವಾಗಿ ಬಳೆಯ ಬಾಯಲ್ಲಿ ಮಡಿಕೆ ಬೀಳುತ್ತಿತ್ತು. ಆ ಮಡಿಕೆಯ ಮೇಲೆ ಗಂಟು ಬಂದು ಕೂತು ಎಲ್ಲವೂ ನಿಂತುಹೋಯಿತು. ದ್ರೌಪದಿ ಕೈ ಮುಗಿದ ಭಂಗಿಯಲ್ಲೇ ಹಲ್ಲು ಕಚ್ಚಿ, "ಎಳಿಯೋ ಅಣ್ಣಾ! ನಂದೇನೂ ಬಿಚ್ಚೋಗಲ್ಲ, ಎಳಿಯೋ!" ಎಂದು ಗದರಿಸಿದಳು.

ವಾಯುಪಡೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಎಲ್ಲರೂ ತಲೆಯೆತ್ತಿ ನೋಡಿದರು. ಅಷ್ಟರಲ್ಲಿ ಅವನ ಕಣ್ಣು ತುಂಬಿಬಂದದ್ದನ್ನು ನಾನು ನೋಡಿದೆ.

ವಿಷಯ ಆಮೇಲೆ ತಿಳಿಯಿತು. ಅವನು ವೀರಕುಮಾರ. ಕರಗದ ದಿನ ದೀಕ್ಷೆ ಹಿಡಿದು, ಖಡ್ಗ ಹೊತ್ತು, ಅಮ್ಮನ ಸುತ್ತ ಕಾವಲು ನಡೆಯುವವರಲ್ಲಿ ಒಬ್ಬ. ರಾಕ್ಷಸನನ್ನು ಕೊಲ್ಲಲು ಅಮ್ಮ ತನ್ನ ಮೈಯಿಂದಲೇ ಹುಟ್ಟಿಸಿದ ಮಕ್ಕಳು ಇವರು ಎಂದು ಊರಿನಲ್ಲಿ ಕಥೆ ಹೇಳುತ್ತಾರೆ. ಹೊರಗಿನವರಾದ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ದ್ರೌಪದಿ ಎಂದರೆ ಹೊರಗಿನಿಂದ ಬಂದ ಕಲಾವಿದೆ, ಸೀರೆ ಅವಳದೇ. ಎಳೆಯುವವನಿಗೆ ಅದು ಬರೀ ನಾಟಕವಾಗಿತ್ತು. ಈಗ ತಂಗಿಯೇ ದ್ರೌಪದಿ, ಸೀರೆ ಗುಡಿಯದು. ಅಮ್ಮನ ಕಾವಲಿಗೆ ಖಡ್ಗ ಹಿಡಿದ ಕೈಯಿಂದ ಅಮ್ಮನ ಸೀರೆ ಎಳೆ ಎಂದರೆ ಆ ಕೈ ಹೇಗೆ ಬರಬೇಕು?

ಬೇರೆಯವರನ್ನು ಹಾಕೋಣವೆಂದರೆ ಊರಿನಲ್ಲಿ ಮೈಕಟ್ಟಿದ್ದವರೆಲ್ಲ ವೀರಕುಮಾರರೇ. ಪೂಜೆಯಾಗದ ಬಟ್ಟೆ ಬಳಸೋಣವೆಂದರೆ ಮನೆಗಳವರು ಒಪ್ಪಲಿಲ್ಲ. ನಮ್ಮ ಹುಡುಗಿಯ ಮಾನ ಕಾಯುವುದು ಅಮ್ಮನ ಪಾದ ಸೋಕಿದ ನಮ್ಮ ಮನೆಯ ಸೀರೆಯೇ ಆಗಬೇಕು ಎಂದರು. ಯಜಮಾನರು ಒಂದೇ ಮಾತು ಕೇಳಿದರು.

"ಆಗ್ತದಾ, ಆಗಾಕಿಲ್ವಾ? ಆಗಾಕಿಲ್ಲ ಅಂದ್ರೆ ಈಗ್ಲೇ ಯೋಳ್ಬುಡಿ. ಪ್ರತಿ ವರ್ಸ ಬರೋ ಕಲಾವಿದೆಗೆ ಪೋನ್ ಮಾಡ್ತೀವಿ."

ದ್ರೌಪದಿ ನನ್ನ ಮುಖ ನೋಡಿದಳು. ನಾನು "ಆಗುತ್ತೆ" ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಮಂಟಪದ ಹಿಂದೆ ಹೆಂಗಸರು ಕೂತು ತಂತಮ್ಮ ಮನೆಯ ಸೀರೆಗಳನ್ನು ಮಡಚುತ್ತಿದ್ದರು. ಅವರ ಮಾತು ಕೃಷ್ಣನ ಬೆರಳಿಗೆ ಬಂದಿತ್ತು. ಎಂದೋ ಅವನ ಬೆರಳು ಕುಯ್ದುಕೊಂಡಾಗ ಅಮ್ಮ ತನ್ನ ಸೀರೆಯ ಚೂರು ಹರಿದು ಕಟ್ಟಿದ್ದಳಂತೆ, ಅದಕ್ಕೇ ಅವನು ಅಷ್ಟೊಂದು ಸೀರೆ ಕೊಟ್ಟನಂತೆ. ಒಬ್ಬಾಕೆ ಹರಿದದ್ದು ಚೂರೇ ಅನ್ನುತ್ತಿದ್ದಳು, ಇನ್ನೊಬ್ಬಾಕೆ ಸೆರಗನ್ನೇ ಹರಿದಳು ಅನ್ನುತ್ತಿದ್ದಳು. ನನಗೆ ಆ ಜಗಳದಲ್ಲಿ ಆಸಕ್ತಿಯಿರಲಿಲ್ಲ. ನಾನು ನೋಡುತ್ತಿದ್ದದ್ದು ಅವರ ಕೈಗಳನ್ನು. ಒಬ್ಬಾಕೆ ಮಡಿಕೆ ಬಿಡಿಸಿ ಕೊಡುತ್ತಿದ್ದಳು, ಎದುರಿನವಳು ಬರೀ ತೆಗೆದುಕೊಳ್ಳುತ್ತಿದ್ದಳು. ಉದ್ದನೆಯ ರೇಷ್ಮೆ ಎಲ್ಲಿಯೂ ತೊಡಕದೆ ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಹೋಗುತ್ತಿತ್ತು. ಯಾರೂ ಎಳೆಯುತ್ತಿರಲಿಲ್ಲ.

ನಾನು ಇಷ್ಟು ದಿನ ಎಳೆಯುವ ತುದಿಯನ್ನೇ ಹಿಡಿದು ಒದ್ದಾಡಿದ್ದೆ!

ಜೋಡಿಸಿದ ಸೀರೆಗಳನ್ನು ತುಂಬಿ ಕಂಬದ ಹಿಂದೆ ಇಟ್ಟಿದ್ದ ಬುಟ್ಟಿಯನ್ನು ಎತ್ತಿಹಾಕಿದೆ. ಅದರ ಜಾಗದಲ್ಲಿ ಹೆಂಗಸರನ್ನು ಸಾಲಾಗಿ ಕೂರಿಸಿದೆ. ಪ್ರತಿಯೊಬ್ಬರ ಮಡಿಲಿನಲ್ಲಿ ಅವರವರ ಮನೆಯ ಸೀರೆ, ನೆರಿಗೆಯ ಹಾಗೆ ಹಿಂದೆಮುಂದೆ ಮಡಚಿದ್ದು. ಒಬ್ಬರದು ಮುಗಿಯುತ್ತಿದ್ದಂತೆ ಪಕ್ಕದವರದು ಹೊರಡಬೇಕು. ಎರಡೂ ಕೈಯಿಂದ ಸೀಳಿನೊಳಕ್ಕೆ ಕೊಡುತ್ತಾ ಹೋಗಬೇಕು. ಮುಂದೆ ಹೋಗಿ ದುಶ್ಶಾಸನನಿಗೆ ಹೇಳಿದೆ:

"ನೀನು ಎಳೀಬೇಡಪ್ಪ. ತುದಿ ಹಿಡ್ಕೊಂಡು ನಿಂತ್ಕೋ. ಅವ್ರು ಕೊಡ್ತಾರೆ, ನೀನು ತಗೋ."

"ದುಶ್ಶಾಸನ ಎಳೀದೆ ಇನ್ನೇನ್ರೀ ಮಾಡ್ತಾನೆ? ಪಾತ್ರವೇ ಹೋಯ್ತಲ್ಲ!" ಎಂದು ಮೇಷ್ಟ್ರು ಎದ್ದರು.

"ಅವನು ಸೋಲೋಕೇ ಬಂದಿರೋನು ಮೇಷ್ಟ್ರೇ. ಒಂದ್ಸಲ ನೋಡಿ, ಆಮೇಲೆ ಬೈಯಿರಿ."

ಹಾರ್ಮೋನಿಯಂ ಶುರುವಾಯಿತು. ಹೆಂಗಸರು ಕೊಟ್ಟರು. ಅಬ್ಬಾ, ಆ ಓಟವನ್ನು ಹೇಗೆ ಹೇಳಲಿ! ಹಳದಿ, ಗಿಳಿಹಸಿರು, ಕಡುನೇರಳೆ, ಅರಿಸಿನ ಅಂಚಿನ ಬಿಳಿ. ಮಡಿಕೆ ಬೀಳಲು ಜಾಗವೇ ಇರಲಿಲ್ಲ. ಎಳೆಯಬೇಕಾಗಿಲ್ಲ ಎಂದು ಗೊತ್ತಾದ ಕೂಡಲೇ ಅವನ ಮೈಯೂ ಬಿಚ್ಚಿಕೊಂಡಿತು. ಬರುತ್ತಿರುವುದನ್ನು ಹಿಡಿಯಲಾರದೆ ಹಿಂದೆ ಸರಿದ, ಎರಡು ಕೈಯಲ್ಲಿ ಬಾಚಿದ, ಎಡವಿದ, ಘರ್ಜಿಸಿದ. ಸೀರೆಯೇ ಅವನನ್ನು ಅಟ್ಟಿಸಿಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಮೇಷ್ಟ್ರು ಹಾಡು ಮುಗಿದ ಮೇಲೂ ಬೆರಳು ಎತ್ತಲಿಲ್ಲ. ಹೆಂಗಸರು ಕಂಬದ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನಾನೂ ನಕ್ಕೆ, ಸ್ವಲ್ಪ ಅತ್ತೆ ಕೂಡ.

ಭಾನುವಾರ ಬಂತು. ಬಯಲು ತುಂಬಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲೂ ಜನ. ಯಜಮಾನರು ಮುಂದಿನ ಸಾಲಿನಲ್ಲಿ ಬಿಳಿ ಪಂಚೆ, ಹೆಗಲಿಗೆ ಟವೆಲ್ಲು ಹಾಕಿ ನೆಟ್ಟಗೆ ಕೂತಿದ್ದರು. ಹಾಡಿನ ಉದ್ದಕ್ಕೆ ಸಾಕಾಗುವಷ್ಟು ಸೀರೆ ಜೋಡಿಸಿದ್ದೆ. ನಮ್ಮ ಕಡೆಯ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಎನ್ನುತ್ತಾರೆ, ಹಾಡಿದವರು ಮತ್ತೆ ಹಾಡಲೇಬೇಕು. ಆ ಒಂದು ಸಲಕ್ಕೂ ಸೇರಿಸಿಯೇ ಜೋಡಿಸಿದ್ದೆ. ಊರಿನ ಯಾವ ಮನೆಯಲ್ಲೂ ಇನ್ನು ಸೀರೆ ಉಳಿದಿರಲಿಲ್ಲ.

ಸಭೆಯ ದೃಶ್ಯ ಬಂತು. ದ್ರೌಪದಿ ಕೈ ಎತ್ತಿ, ಕಣ್ಣು ಮುಚ್ಚಿ ಹಾಡಲು ಶುರು ಮಾಡಿದಳು. ತಾಲೀಮಿನಲ್ಲಿ ಇಲ್ಲದ ದನಿ ಅಂದು ಅವಳಿಗೆ ಎಲ್ಲಿಂದ ಬಂತೋ! ಅದರಲ್ಲಿ ಬೇಡಿಕೆ ಇರಲಿಲ್ಲ. ಬಾರೋ, ಬರುತ್ತೀಯೋ ಇಲ್ಲವೋ ಎಂದು ಅಧಿಕಾರದಿಂದ ಕರೆಯುವ ಹಾಗಿತ್ತು. ಸೀರೆ ಹರಿಯಿತು. ಪಡ್ಡೆಗಳು ಶಿಳ್ಳೆ ಹೊಡೆದು "ಒನ್ಸ್ ಮೋರ್!" ಎಂದರು. ಮತ್ತೆ ಹಾಡಿದಳು, ಸೀರೆ ಮತ್ತೆ ಹರಿಯಿತು. ಕಂಬದ ಹಿಂದೆ ಸಾಲಿನ ಕೊನೆಯ ಮಡಿಲು ಮಾತ್ರ ಉಳಿದಿತ್ತು. ಹಾಡು ಕೊನೆಯ ಸಾಲಿಗೆ ಬಂದಿತ್ತು, ನಾನು ಉಸಿರು ಬಿಟ್ಟೆ.

"ಒನ್ಸ್ ಮೋರ್!" ಎಂದು ಮುಂದಿನ ಸಾಲಿನಿಂದ ಗುಡುಗಿನಂಥ ದನಿ ಬಂತು.

ಯಜಮಾನರು! ಎದ್ದು ನಿಂತಿದ್ದರು. ಷರತ್ತು ಹಾಕಿದ ಆ ಮನುಷ್ಯ ಷರತ್ತನ್ನೇ ಮರೆತು, ಟವೆಲ್ಲು ತಿರುಗಿಸುತ್ತಾ, ಕೆನ್ನೆಯ ಮೇಲೆ ಕಣ್ಣೀರು ಇಳಿಸುತ್ತಾ ನಿಂತಿದ್ದರು. ಬಯಲೆಲ್ಲ ಎದ್ದಿತು. ದ್ರೌಪದಿ ಮೂರನೆಯ ಸಲ ಪಲ್ಲವಿ ಎತ್ತಿದಳು. ಅವಳಿಗೇನು ಗೊತ್ತು ಹಿಂದಿನ ಕಥೆ!

ಕೊನೆಯ ಮಡಿಲಿನಲ್ಲಿ ನಾಲ್ಕೈದು ಮಡಿಕೆ ಉಳಿದಿದ್ದವು. ಆ ಮಡಿಲಿನಾಕೆ ಬೆಚ್ಚಿ ನನ್ನತ್ತ ನೋಡಿದಳು. ನಾನು ಪಕ್ಕದ ಪರದೆಯಿಂದ ತಲೆ ಹೊರಗೆ ಹಾಕಿ ದುಶ್ಶಾಸನನ ಕಣ್ಣಿಗೆ ಬೀಳುವಂತೆ ಎರಡೂ ಅಂಗೈಯನ್ನು ಬಿಚ್ಚಿ ತೋರಿಸಿದೆ. ಖಾಲಿ. ಆಮೇಲೆ ಅವನ ಕಾಲ ಬಳಿ ಸೊಂಟದೆತ್ತರ ಬಿದ್ದಿದ್ದ ರಾಶಿ ಕಂಡಿತು, ಅದರತ್ತ ಬೆರಳು ಮಾಡಿ ನನ್ನ ಕಡೆಗೆ ಸನ್ನೆ ಮಾಡಿದೆ.

ಅವನಿಗೆ ಅರ್ಥವಾಯಿತು. ಸೋತು ಹುಚ್ಚು ಹಿಡಿದವನ ಹಾಗೆ ಅರಚಿದ. ಬಗ್ಗಿ ರಾಶಿಯ ಅಡಿಗೆ ತೋಳು ತೂರಿಸಿ, ಅಷ್ಟನ್ನೂ ಎದೆಗವಚಿ ಎತ್ತಿ, ಸಿಟ್ಟಿನಿಂದ ಎಸೆಯುವವನಂತೆ ನನ್ನತ್ತ ತೂರಿದ. ರಾಶಿ ಬುಡಮೇಲಾಗಿ ನನ್ನ ತೋಳಿಗೆ ಬಿತ್ತು. ಬುಡದಲ್ಲಿದ್ದ ಮೊದಲನೆಯ ಸೀರೆಯ ತುದಿ ಈಗ ಮೇಲೆ ಬಂದಿತ್ತು. ಅದನ್ನು ಹಿಡಿದು ಹಿಂದಿನ ಪರದೆಯ ಮರೆಯಲ್ಲಿ ಓಡಿದೆ. ಕೊನೆಯ ಸೀರೆಯ ಸೆರಗು ಸೀಳಿನೊಳಗೆ ಮಾಯವಾಗುವ ಮುನ್ನ ಆಕೆ ಅದನ್ನು ಮುಷ್ಟಿಯಲ್ಲಿ ಹಿಡಿದಳು, ಇನ್ನೊಬ್ಬಾಕೆ ಬೀಜ ಇಟ್ಟಳು, ನಾನು ಲಾಡಿ ಬಿಗಿದೆ. ಜಗ್ಗಿ ನೋಡಿದೆ, ಗಂಟು ಜಾರಲಿಲ್ಲ.

"ಕೊಡಿ!" ಎಂದೆ.

ಈಗ ಸೀರೆಗೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಅವನ ಕೈಯಿಂದ ಪರದೆಯೊಳಗೆ, ಪರದೆಯಿಂದ ಹೆಂಗಸರ ಕೈಗೆ, ಅಲ್ಲಿಂದ ಕಂಬದ ಸೀಳಿಗೆ, ಅವಳ ಸೊಂಟಕ್ಕೆ, ಮತ್ತೆ ಅವನ ಕೈಗೆ. ಕೂತಿದ್ದ ಹೆಂಗಸರು ಎದ್ದು ನಿಂತು ಸಾಲುಗಟ್ಟಿದರು. ಅವಳು ಬೇಕಾದರೆ ಸಂಜೆಯವರೆಗೆ ಹಾಡಲಿ ಎಂದು ನಾನು ಜೋರಾಗಿಯೇ ಕೂಗಿದೆನಂತೆ. ನನಗೆ ನೆನಪಿಲ್ಲ. ಹಾಡು ಮುಗಿದಾಗ ದುಶ್ಶಾಸನ ನಿಜವಾಗಿಯೂ ಸುಸ್ತಾಗಿ ಮಂಡಿಯೂರಿ ಬಿದ್ದಿದ್ದ. ಅಲ್ಲಿ ಬಿದ್ದವನು ಕೈಯಲ್ಲಿದ್ದ ಸೀರೆಯನ್ನು ಕಣ್ಣಿಗೆ ಒತ್ತಿಕೊಂಡ. ಈ ಸಲ ಯಾರೂ ನಗಲಿಲ್ಲ. ಸೀರೆ ಇನ್ನೂ ಬರುತ್ತಲೇ ಇತ್ತು, ನಿಲ್ಲಿಸಿ ಎಂದು ನಾನೇ ಹೆಂಗಸರಿಗೆ ಹೇಳಬೇಕಾಯಿತು.

ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಗಂಟು ಬಿಚ್ಚುತ್ತಾ ಕೂತಿದ್ದೆ. ದ್ರೌಪದಿ ಒಂದು ಕಡೆ ಮುಖ ಒರೆಸಿಕೊಳ್ಳುತ್ತಿದ್ದಳು, ಇನ್ನೊಂದು ಕಡೆ ಅವಳ ಅಣ್ಣ ಸೋಡಾ ಕುಡಿಯುತ್ತಿದ್ದ. ಬಾಗಿಲಲ್ಲಿ ಊರಿನ ಹುಡುಗಿಯರ ಗುಂಪು. ಯಜಮಾನರು ಒಳಗೆ ಬಂದರು. ಹುಡುಗಿಯರು ದಾರಿ ಬಿಟ್ಟರು.

"ನಮ್ಮನೆ ಅಳದಿ ಸೀರೆ ಎಲ್ಡು ಸಲ ಬಂತು," ಎಂದರು ನನ್ನನ್ನೇ ನೋಡಿ.

ನಾನು ತಲೆ ತಗ್ಗಿಸಿದೆ. "ಹೌದು ಯಜಮಾನ್ರೇ. ಆದ್ರೆ ನಿಲ್ಲಲಿಲ್ಲ."

"ಊಂ. ನಿಲ್ಲಿಲ್ಲ."

ಮಗನನ್ನು ನೋಡಿದರು, ಆಮೇಲೆ ತಮ್ಮನ ಮಗಳನ್ನು. ಕೊನೆಗೆ ಮೂಲೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ ಮೇಷ್ಟ್ರ ಕಡೆ ತಿರುಗಿದರು.

"ಮೇಷ್ಟ್ರೇ, ಮುಂದಿನ್ ವರ್ಸ ದುಸ್ಸಾಸನಂಗೆ ಒರಗಿಂದ ಯಾರ್ನಾದ್ರೂ ಕರೆಸ್ರಪ್ಪ. ದ್ರೌಪದಮ್ಮಂದೀರು ಊರಲ್ಲೇ ಅವ್ರೆ."